ದಿಲ್ಲೀಲಿ ಸತ್ತೋರೆಲ್ಲ ಯಮುನಾ ದಡಕ್ಕೆ ಹೋಗಲ್ಲ, ಯಾಕೆ?

ಮೊದಲ ಸಲ ದಿಲ್ಲಿಗೆ ಹೋದಾಗ ಕಾಶ್ಮೀರಿ ಗೇಟ್ ಬಸ್ ಸ್ಟ್ಯಾಂಡಿಂದ ರಿಂಗ್ ರೋಡ್ ಹಿಡಿದು ಆಟೋದಲ್ಲಿ ಬರ್ತಾ ಇದ್ದೆ. ಯಮುನಾ ದಡದ ಉದ್ದಕ್ಕೂ ಒಂದಾದ ಮೇಲೊಂದು ಬೋರ್ಡು. ನಿಗಮ್‌ಬೋಧ್ ಘಾಟ್, ವಿಜಯ್ ಘಾಟ್, ಶಾಂತಿವನ, ಶಕ್ತಿ ಸ್ಥಳ, ವೀರ ಭೂಮಿ, ಕೊನೆಗೆ ರಾಜಘಾಟ್. ಇಷ್ಟು ಜನ ದೊಡ್ಡೋರು ಇಲ್ಲೇ ತೀರ್ಕೊಂಡ್ರಾ, ಅದಕ್ಕೇ ಇಲ್ಲೇ ಸಮಾಧಿ ಮಾಡಿದಾರೆ ಅಂತ ನಾನು ಅಂದ್ಕೊಂಡೆ. ಆಮೇಲೆ ಒಬ್ಬೊಬ್ಬರದ್ದೇ ನೋಡ್ತಾ ಹೋದ್ರೆ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿರೋರಲ್ಲಿ ಕೆಲವರು ದಿಲ್ಲಿಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ ಸತ್ತೋರು, ದಿಲ್ಲೀಲೇ ಪ್ರಾಣ ಬಿಟ್ಟ ಎಷ್ಟೋ ದೊಡ್ಡೋರು ಆ ದಡದಲ್ಲಿ ಇಲ್ವೇ ಇಲ್ಲ.

ಗೊಂದಲ ಯಾಕಾಗತ್ತೆ ಅಂದ್ರೆ ನಾವು ಬೇರೆ ಬೇರೆ ವಿಷಯಾನ ಒಂದೇ ಗಂಟು ಕಟ್ಬಿಡ್ತೀವಿ. ಮನುಷ್ಯ ಎಲ್ಲಿ ಸತ್ತ ಅನ್ನೋದು ಒಂದು, ಎಲ್ಲಿ ಸುಟ್ರು ಅಥವಾ ಹೂತ್ರು ಅನ್ನೋದು ಇನ್ನೊಂದು, ಸ್ಮಾರಕ ಎಲ್ಲಿ ಕಟ್ಟಿದ್ರು ಅನ್ನೋದು ಮತ್ತೊಂದು. ಇದರ ಜೊತೆಗೆ ಸರ್ಕಾರಿ ಗೌರವ, ಅಂದ್ರೆ ಗನ್ ಕ್ಯಾರೇಜು, ಕುಶಾಲತೋಪು, ಬಾವುಟ ಅರ್ಧಕ್ಕಿಳಿಸೋದು, ಅದರ ದಾರೀನೇ ಬೇರೆ. ಬಾವುಟದ ವಿಷಯಕ್ಕೆ ಬರೆದಿಟ್ಟ ರೂಲ್ಸ್ ಇದೆ. ಯಮುನಾ ದಡದಲ್ಲಿ ಯಾರಿಗೆ ಜಾಗ ಅನ್ನೋದಕ್ಕೆ ಮಾತ್ರ ಆವತ್ತು ಕುರ್ಚಿ ಮೇಲೆ ಯಾರಿದ್ರು, ಸತ್ತೋರಿಗೂ ಅವರಿಗೂ ಹೇಗಿತ್ತು, ಮನೆಯವರು ಏನಂದ್ರು ಅನ್ನೋದ್ರ ಮೇಲೇ ತೀರ್ಮಾನ ಆಗಿದ್ದು ಜಾಸ್ತಿ.

ಶುರುವಾಗಿದ್ದು ಗಾಂಧಿಯಿಂದ. 1948ರ ಜನವರಿ 30, ಸಂಜೆ 5 ಗಂಟೆ 17 ನಿಮಿಷ, ಬಿರ್ಲಾ ಹೌಸ್ ತೋಟದಲ್ಲಿ ಪ್ರಾರ್ಥನೆಗೆ ಅಂತ ನಡ್ಕೊಂಡು ಹೋಗ್ತಿದ್ದಾಗ ಗೋಡ್ಸೆ ಗುಂಡು ಹೊಡೆದ. ದಿಲ್ಲಿಗೆ ಬಂದಾಗ ಸಫಾಯಿ ಕರ್ಮಚಾರಿಗಳ ಕಾಲನೀಲಿ ಉಳ್ಕೊಳ್ತಿದ್ದ ಗಾಂಧಿ ಆ ಸಲ ಬಿರ್ಲಾ ಹೌಸಲ್ಲಿ ಇದ್ದಿದ್ದು, ಆ ಕಾಲನಿ ನಿರಾಶ್ರಿತರಿಂದ ತುಂಬಿಹೋಗಿತ್ತು ಅಂತ. ಮಾರನೇ ದಿನ ಮಿಲಿಟರಿ ಗಾಡಿ ಮೇಲೆ ದೇಹ ಇಟ್ಟು, ಇಂಜಿನ್ ಹಾಕದೆ ಸೈನಿಕರು ಹಗ್ಗ ಹಿಡಿದು ಎಳ್ಕೊಂಡು ಹೋದ್ರು. ಅಹಿಂಸೆ ಅಂತ ಬದುಕಿದೋರ ಕೊನೇ ಮೆರವಣಿಗೆ ಪೂರ್ತಿ ಸೈನ್ಯದ್ದೇ ಉಸ್ತುವಾರಿ, ಇದರ ಬಗ್ಗೆ ಆಗ್ಲೇ ಕೆಲವರು ಮುಖ ಸಿಂಡರಿಸಿದ್ರು. ಸುಟ್ಟ ಜಾಗದಲ್ಲಿ ವಾನು ಭೂತಾ ಅನ್ನೋ ಆರ್ಕಿಟೆಕ್ಟ್ ಆ ಕಪ್ಪು ಕಲ್ಲಿನ ಕಟ್ಟೆ ಡಿಸೈನ್ ಮಾಡಿದ್ರು. ಮೇಲೆ ಛಾವಣಿ ಇಲ್ಲ, ಮೂರ್ತಿ ಇಲ್ಲ, 'ಹೇ ರಾಮ್' ಅಂತ ಎರಡೇ ಪದ. 1951ರಲ್ಲಿ ರಾಜಘಾಟ್ ಸಮಾಧಿ ಕಾಯ್ದೆ ಅಂತಾನೇ ಒಂದು ಕಾನೂನು ಬಂತು, ನೋಡ್ಕೊಳ್ಳೋಕೆ ಒಂದು ಕಮಿಟಿ ಆಯ್ತು. ಆದ್ರೆ ಅದು ಬರೀ ಗಾಂಧಿ ಸಮಾಧಿಗೆ ಸಂಬಂಧಪಟ್ಟ ಕಾಯ್ದೆ. ಮುಂದೆ ಪ್ರಧಾನಿಗಳು ಸತ್ರೆ ಎಲ್ಲಿ, ರಾಷ್ಟ್ರಪತಿಗಳು ಸತ್ರೆ ಎಲ್ಲಿ ಅಂತ ಅದರಲ್ಲೇನೂ ಇಲ್ಲ.

ಗಾಂಧಿ ಹೋಗಿ ಹದಿನಾರು ವರ್ಷಕ್ಕೆ, 1964ರ ಮೇ 27ಕ್ಕೆ, ತೀನ್ ಮೂರ್ತಿ ಭವನದಲ್ಲಿ ನೆಹರೂ ತೀರ್ಕೊಂಡ್ರು. ಇವರು ಉಯಿಲು ಬರೆದಿಟ್ಟಿದ್ರು: ನಂಗೆ ಧಾರ್ಮಿಕ ವಿಧಿ ಬೇಡ, ಬೂದಿಯಲ್ಲಿ ಒಂದು ಹಿಡಿ ಗಂಗೆಗೆ ಹಾಕಿ, ಮಿಕ್ಕಿದ್ದನ್ನ ವಿಮಾನದಿಂದ ರೈತರ ಹೊಲಗಳ ಮೇಲೆ ಚೆಲ್ಲಿ ಅಂತ. ಬೂದಿಯ ಮಾತು ನಡೀತು, ವಿಧಿ ಬೇಡ ಅನ್ನೋ ಮಾತು ನಡೀಲಿಲ್ಲ. ಪುರೋಹಿತರು ಬಂದ್ರು, ಮಂತ್ರ ಆಯ್ತು, ಚಿತೆಗೆ ಬೆಂಕಿ ಇಟ್ಟಿದ್ದು ಮೊಮ್ಮಗ ಸಂಜಯ್. ಬೂದಿ ಚೆಲ್ಲಿ ಅಂದಿದ್ದೋರಿಗೆ ಶಾಂತಿವನ ಅಂತ ಸುಮಾರು 52 ಎಕರೆ ಜಾಗ. ಗಾಂಧಿ ರಾಜಘಾಟ್ ಸುಮಾರು 44 ಎಕರೆ! ಗುರುಗಿಂತ ಶಿಷ್ಯಂಗೆ ಜಾಗ ಜಾಸ್ತಿ ಆಯ್ತಲ್ಲ ಅಂತ ನಂಗೆ ನಗು ಬಂತು, ಯಾರೂ ಬೇಕು ಅಂತ ಮಾಡಿದ್ದಲ್ಲ ಅದು, ಆಗ ದಡದಲ್ಲಿ ಜಾಗ ಬೇಕಾದಷ್ಟಿತ್ತು ಅಷ್ಟೇ.

ಪ್ರಧಾನಿ ಹೋದ್ರೆ ಗಾಂಧಿ ಪಕ್ಕ ಅನ್ನೋ ರೂಢಿ ಬಿದ್ದಿದ್ದು ಇಲ್ಲಿಂದಲೇ. 1966ರ ಜನವರಿ 11ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಸತ್ತಿದ್ದು ತಾಷ್ಕೆಂಟಲ್ಲಿ. ಅದೂ ರಾಜಧಾನೀನೇ, ಆಗಿನ ಸೋವಿಯತ್ ಉಜ್ಬೆಕಿಸ್ತಾನದ್ದು. ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸೈನ್ ಹಾಕಿ ಕೆಲವೇ ಗಂಟೆ ಆಗಿತ್ತು. ದೇಹ ವಿಮಾನದಲ್ಲಿ ಬಂತು, 65ರ ಯುದ್ಧದ ನೆನಪಿಗೆ ಆ ಜಾಗಕ್ಕೆ ವಿಜಯ್ ಘಾಟ್ ಅಂತ ಹೆಸರಾಯ್ತು. ರಾಜೀವ್ ಗಾಂಧಿ 1991ರ ಮೇ 21ಕ್ಕೆ ತಮಿಳುನಾಡಿನ ಶ್ರೀಪೆರಂಬುದೂರಲ್ಲಿ ಬಾಂಬಿಗೆ ಬಲಿಯಾದ್ರು, ಸುಟ್ಟಿದ್ದು ಇಲ್ಲಿ, ವೀರ ಭೂಮಿ. ಮಾಜಿ ರಾಷ್ಟ್ರಪತಿ ಜೈಲ್ ಸಿಂಗ್ ಕಾರ್ ಆಕ್ಸಿಡೆಂಟ್ ಆಗಿ 1994ರ ಡಿಸೆಂಬರಲ್ಲಿ ಚಂಡೀಗಢದ ಆಸ್ಪತ್ರೇಲಿ ಕಣ್ಮುಚ್ಚಿದ್ರು, ಅವರನ್ನೂ ತಂದಿದ್ದು ಇಲ್ಲಿಗೇ, ಏಕತಾ ಸ್ಥಳ. ದಿಲ್ಲೀಲಿ ಸಾಯದೆ ದಿಲ್ಲೀಲಿ ಉಳಿದೋರು ಇವರು.

ಹಂಗಾದ್ರೆ ಪದವಿ ಒಂದಿದ್ರೆ ಜಾಗ ಗ್ಯಾರಂಟಿನಾ ಅಂದ್ರೆ, ಪದವಿ ಇಲ್ದೇನೂ ಸಿಕ್ಕಿದೆ. 1980ರ ಜೂನ್ 23ಕ್ಕೆ ಸಫ್ದರ್‌ಜಂಗ್ ಏರ್‌ಪೋರ್ಟ್ ಹತ್ರ ಪುಟಾಣಿ ವಿಮಾನ ಹಾರಿಸ್ತಾ ಬಿದ್ದು ಸತ್ತ ಸಂಜಯ್ ಗಾಂಧಿ ಆಗ ಅಮೇಥಿಯ ಎಂಪಿ ಅಷ್ಟೇ, ಮಂತ್ರಿನೂ ಅಲ್ಲ. ಅಂತ್ಯಕ್ರಿಯೆ ಆಗಿದ್ದು ಶಾಂತಿವನದ ಹತ್ರ, ತಾತನ ಪಕ್ಕದಲ್ಲಿ. ಯಾವ ನಿಯಮದ ಪ್ರಕಾರ ಅಂತ ಕೇಳ್ಬೇಡಿ, ತಾಯಿ ಪ್ರಧಾನಿ ಆಗಿದ್ರು.

ಆ ತಾಯಿದು 1984ರ ಅಕ್ಟೋಬರ್ 31. ಸಫ್ದರ್‌ಜಂಗ್ ರೋಡ್ 1ನೇ ನಂಬರ್ ಮನೆಯಿಂದ ಪಕ್ಕದ ಅಕ್ಬರ್ ರೋಡ್ ಆಫೀಸಿಗೆ ತೋಟದ ದಾರೀಲಿ ನಡ್ಕೊಂಡು ಹೋಗ್ತಿದ್ರು, ಪೀಟರ್ ಉಸ್ತಿನೋವ್ ಅನ್ನೋ ಬ್ರಿಟಿಷ್ ನಟ ಸಂದರ್ಶನಕ್ಕೆ ಕ್ಯಾಮೆರಾ ಇಟ್ಕೊಂಡು ಕಾಯ್ತಾ ಇದ್ದ, ನಡುವೆ ಸಿಗೋ ಸಣ್ಣ ಗೇಟ್ ಹತ್ರ ಕಾವಲಿನೋರೇ ಗುಂಡು ಹೊಡೆದ್ರು. ನವೆಂಬರ್ 3ಕ್ಕೆ ಶಕ್ತಿ ಸ್ಥಳದಲ್ಲಿ ಅಂತ್ಯಕ್ರಿಯೆ, ಈಗ ಅಲ್ಲಿ ಒಂದು ದೊಡ್ಡ ಬಂಡೆಗಲ್ಲು ನಿಲ್ಲಿಸಿದಾರೆ. ಆದ್ರೆ ಆ ನಾಲ್ಕು ದಿನ ದಿಲ್ಲೀಲಿ ಸತ್ತೋರು ಅಂದ್ರೆ ಅವರೊಬ್ರೇ ಅಲ್ಲ. ಸರ್ಕಾರದ ಲೆಕ್ಕದಲ್ಲೇ 2,733 ಸಿಖ್ಖರು ಈ ಊರಲ್ಲಿ ಕೊಲೆಯಾದ್ರು, ತ್ರಿಲೋಕಪುರಿ, ಮಂಗೋಲಪುರಿ, ಸುಲ್ತಾನ್‌ಪುರಿ. ಅವರ ಹೆಸರು ಕಲ್ಲಿನ ಮೇಲೆ ಬರೋಕೆ 2017ರ ತನಕ ಕಾಯ್ಬೇಕಾಯ್ತು. ಅದೂ ಸರ್ಕಾರ ಕಟ್ಟಿದ್ದಲ್ಲ, ರಕಾಬ್‌ಗಂಜ್ ಗುರುದ್ವಾರದ ಆವರಣದಲ್ಲಿ ಸಿಖ್ಖರೇ ಕಟ್ಟಿಸಿದ 'ಸತ್ಯದ ಗೋಡೆ'. ಪಾರ್ಲಿಮೆಂಟಿಂದ ಕೂಗಳತೆ ದೂರ.

ಈಗ ಉಲ್ಟಾ ಕೇಸಿಗೆ ಬರೋಣ, ದಿಲ್ಲೀಲೇ ಸತ್ತು ದಿಲ್ಲೀಲಿ ಉಳೀದೇ ಇದ್ದೋರು. ಎಲ್ಲರಿಗಿಂತ ದೊಡ್ಡ ಹೆಸರು ಅಂಬೇಡ್ಕರ್. 1956ರ ಡಿಸೆಂಬರ್ 6ರ ಬೆಳಗ್ಗೆ ಅಲಿಪುರ್ ರೋಡ್ 26ನೇ ನಂಬರ್ ಮನೇಲಿ ನಿದ್ದೆಯಲ್ಲೇ ಹೋಗಿದ್ದು ಗೊತ್ತಾಯ್ತು. ಆವತ್ತೇ ರಾತ್ರಿ ವಿಮಾನದಲ್ಲಿ ಮುಂಬೈಗೆ ಒಯ್ದು ಮಾರನೇ ದಿನ ದಾದರ್ ಸಮುದ್ರದ ದಡದಲ್ಲಿ ಬೌದ್ಧ ಪದ್ಧತಿಯಲ್ಲಿ ಅಂತ್ಯಕ್ರಿಯೆ. ಈಗ ಅದೇ ಚೈತ್ಯಭೂಮಿ, ಡಿಸೆಂಬರ್ 6 ಬಂತು ಅಂದ್ರೆ ನಮ್ಮ ಕಲಬುರಗಿ, ಬೀದರ್, ಬೆಳಗಾವಿ ಕಡೆಯಿಂದ್ಲೂ ಜನ ರೈಲು ಹತ್ತಿ ಹೋಗ್ತಾರೆ. ಅಲಿಪುರ್ ರೋಡಿನ ಮನೆ ಮಾತ್ರ ದಶಕಗಟ್ಟಲೆ ಹೇಳೋರು ಕೇಳೋರು ಇಲ್ದೆ ಇದ್ದು, ರಾಷ್ಟ್ರೀಯ ಸ್ಮಾರಕ ಅಂತ ಉದ್ಘಾಟನೆ ಆಗಿದ್ದು 2018ರಲ್ಲಿ. ಗಾಂಧಿ ಸತ್ತ ಬಿರ್ಲಾ ಹೌಸು 1973ರಲ್ಲೇ ಜನಕ್ಕೆ ತೆರೆದಿತ್ತು, ಎರಡೂ ತಾರೀಖು ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಬ್ರು ಪಿ.ವಿ. ನರಸಿಂಹ ರಾವ್. 2004ರ ಡಿಸೆಂಬರ್ 23, ಏಮ್ಸ್ ಆಸ್ಪತ್ರೆ. ಐದು ವರ್ಷ ದೇಶ ಆಳಿದ, ಆರ್ಥಿಕತೆಯ ಬಾಗಿಲು ತೆಗೆದ ಪ್ರಧಾನಿ. ಮನೆಯವರಿಗೆ ದಿಲ್ಲೀಲೇ ಆಗ್ಬೇಕು ಅಂತ ಆಸೆ ಇತ್ತು. ದೇಹ ಹೊತ್ತ ಗಾಡಿ ಅಕ್ಬರ್ ರೋಡಿನ ಕಾಂಗ್ರೆಸ್ ಆಫೀಸ್ ಗೇಟ್ ಹತ್ರ ಹೋಗಿ ನಿಲ್ತು, ಗೇಟ್ ತೆಗೀಲಿಲ್ಲ. ಕೊನೆಗೆ ಹೈದರಾಬಾದಿಗೆ ಒಯ್ದು ಹುಸೇನ್ ಸಾಗರದ ಹತ್ರ ಸುಟ್ರು. ಆಗ ಅಧಿಕಾರದಲ್ಲಿ ಇದ್ದಿದ್ದು ಅವರದ್ದೇ ಪಕ್ಷ ಅನ್ನೋದು ಇಲ್ಲಿ ಮುಖ್ಯ, ವಿರೋಧಿಗಳು ತಡೆದಿದ್ದಲ್ಲ ಇದು. 2015ರಲ್ಲಿ ಬೇರೆ ಪಕ್ಷದ ಸರ್ಕಾರ ಏಕತಾ ಸ್ಥಳದಲ್ಲಿ ಅವರಿಗೊಂದು ಸ್ಮಾರಕ ಕಟ್ಟಿಸಿತು, 2024ರಲ್ಲಿ ಭಾರತ ರತ್ನ ಕೊಟ್ಟಿತು. ವಿ.ಪಿ. ಸಿಂಗ್ ಕಥೆ ಇನ್ನೂ ಪಾಪ, 2008ರ ನವೆಂಬರ್ 27ಕ್ಕೆ ದಿಲ್ಲೀಲಿ ತೀರ್ಕೊಂಡ್ರು, ಆ ಹೊತ್ತಿಗೆ ಇಡೀ ದೇಶ ಟಿವಿ ಮುಂದೆ ಕೂತು ಮುಂಬೈ ತಾಜ್ ಹೋಟೆಲಿನ ಹೊಗೆ ನೋಡ್ತಾ ಇತ್ತು. ಮಂಡಲ್ ಮೀಸಲಾತಿ ತಂದ ಪ್ರಧಾನಿ ಸತ್ತಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗ್ಲಿಲ್ಲ. ಅಲಹಾಬಾದಲ್ಲಿ ಗಂಗೆ ದಡದಲ್ಲಿ ಮುಗೀತು.

ಹೂಳೋ ಪದ್ಧತಿ ಇರೋರಿಗೆ ನದಿ ದಡದ ಲೆಕ್ಕಾನೇ ಬರಲ್ಲ. ಮೌಲಾನಾ ಆಜಾದ್ 1958ರ ಫೆಬ್ರವರಿ 22ಕ್ಕೆ ದಿಲ್ಲೀಲಿ ತೀರ್ಕೊಂಡಾಗ ಜಾಮಾ ಮಸೀದಿ ಎದುರುಗಡೆ ಹೂತ್ರು. ಜಾಕಿರ್ ಹುಸೇನ್ 1969ರ ಮೇ 3ರಂದು ಹೋದ್ರು, ಅಧಿಕಾರದಲ್ಲಿದ್ದಾಗ್ಲೇ ಸತ್ತ ಮೊದಲ ರಾಷ್ಟ್ರಪತಿ. ಇಪ್ಪತ್ತೆರಡು ವರ್ಷ ತಾವೇ ಬೆಳೆಸಿದ ಜಾಮಿಯಾ ಮಿಲಿಯಾ ಕ್ಯಾಂಪಸಲ್ಲಿ ಅವರ ಗೋರಿ ಇದೆ, ನನ್ನ ಕೇಳಿದ್ರೆ ಇಡೀ ದಿಲ್ಲೀಲಿ ಅತಿ ಸರಿಯಾದ ಜಾಗ ಸಿಕ್ಕಿದ್ದು ಇವರಿಗೇ, ಮೇಷ್ಟ್ರಿಗೆ ಹುಡುಗರ ಮಧ್ಯೆ. 1977ರ ಫೆಬ್ರವರಿ 11ಕ್ಕೆ ಇನ್ನೊಬ್ಬ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಹಂಗೇ ಅಧಿಕಾರದಲ್ಲಿದ್ದಾಗ್ಲೇ ಹೋದ್ರು, ಪಾರ್ಲಿಮೆಂಟ್ ಹತ್ರದ ಮಸೀದಿಯಲ್ಲಿ ಹೂತ್ರು. ಈ ಮೂರೂ ಗೋರಿಗಳ ವಿನ್ಯಾಸ ಒಬ್ಬನೇ ಆರ್ಕಿಟೆಕ್ಟ್ ಹಬೀಬ್ ರಹಮಾನ್ ಅವರದ್ದು.

ಈ ಇಬ್ಬರು ರಾಷ್ಟ್ರಪತಿಗಳ ಸಾವುಗಳು ನಮ್ಮ ಕಡೆಗೂ ಬಂದು ಮುಟ್ಟಿವೆ. ಜಾಕಿರ್ ಹುಸೇನ್ ಹೋದ್ಮೇಲೆ ಮುಂದಿನ ರಾಷ್ಟ್ರಪತಿ ಯಾರು ಅಂತ ತೀರ್ಮಾನ ಮಾಡೋಕೆ 1969ರ ಜುಲೈನಲ್ಲಿ ಕಾಂಗ್ರೆಸ್ಸಿನೋರು ಸೇರಿದ್ದು ಬೆಂಗಳೂರಲ್ಲಿ, ಲಾಲ್‌ಬಾಗ್ ಗಾಜಿನ ಮನೇಲಿ. ಆಗ ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಸಂಜೀವ ರೆಡ್ಡಿ ಹೆಸರು ಗಟ್ಟಿ ಆಯ್ತು, ಇಂದಿರಾಗೆ ಅದು ಹಿಡಿಸ್ಲಿಲ್ಲ, ವಿ.ವಿ. ಗಿರಿ ಗೆದ್ರು, ವರ್ಷ ಮುಗಿಯೋದ್ರೊಳಗೆ ಪಕ್ಷಾನೇ ಎರಡು ಹೋಳು. 1977ರಲ್ಲಂತೂ ಫಕ್ರುದ್ದೀನ್ ಸತ್ತಿದ್ದಕ್ಕೆ ಉಪರಾಷ್ಟ್ರಪತಿ ಆಗಿದ್ದ ಜಮಖಂಡಿ ಕಡೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿ ಆದ್ರು, ಜುಲೈ ತನಕ. ತುರ್ತು ಪರಿಸ್ಥಿತಿ ಆದ್ಮೇಲಿನ ಚುನಾವಣೆ, ಇಂದಿರಾ ಸೋಲು, ಮೊರಾರ್ಜಿ ಪ್ರಮಾಣ ವಚನ, ಎಲ್ಲಾ ಈ ಕನ್ನಡಿಗರ ಅವಧೀಲೇ ಆಗಿದ್ದು.

ಇನ್ನು ಬಾವುಟ. ಇದಕ್ಕೆ ಫ್ಲ್ಯಾಗ್ ಕೋಡ್ ಇದೆ, ಅದರಲ್ಲಿ ರಾಜಧಾನಿ ಅನ್ನೋ ಪದಕ್ಕೆ ನಿಜವಾಗ್ಲೂ ಬೆಲೆ ಇದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ತೀರ್ಕೊಂಡ್ರೆ ದೇಶದ ತುಂಬ ಬಾವುಟ ಅರ್ಧಕ್ಕೆ. ಲೋಕಸಭೆ ಸ್ಪೀಕರ್, ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಆದ್ರೆ ದಿಲ್ಲೀಲಿ ಮಾತ್ರ. ಕೇಂದ್ರದ ಕ್ಯಾಬಿನೆಟ್ ಮಂತ್ರಿ ಆದ್ರೆ ದಿಲ್ಲಿ ಜೊತೆಗೆ ಎಲ್ಲಾ ರಾಜ್ಯಗಳ ರಾಜಧಾನೀಲೂ, ಕೇಂದ್ರದ್ದೇ ರಾಜ್ಯ ಖಾತೆ ಮಂತ್ರಿ ಆದ್ರೆ ಮತ್ತೆ ಬರೀ ದಿಲ್ಲಿ. ಮುಖ್ಯಮಂತ್ರಿ, ರಾಜ್ಯಪಾಲರಾದ್ರೆ ಆ ರಾಜ್ಯದ ತುಂಬ. ಎಲ್ಲಿ ಸತ್ರು ಅನ್ನೋದು ಇಲ್ಲಿ ಲೆಕ್ಕಕ್ಕೇ ಇಲ್ಲ, ಸಾಯೋವಾಗ ಯಾವ ಹುದ್ದೇಲಿದ್ರು ಅನ್ನೋದಷ್ಟೇ. 2018ರ ನವೆಂಬರಲ್ಲಿ ಅನಂತ್ ಕುಮಾರ್ ಹೋಗಿದ್ದು ಬೆಂಗಳೂರಲ್ಲಿ, ಆದ್ರೆ ಕ್ಯಾಬಿನೆಟ್ ಮಂತ್ರಿ ಆಗಿದ್ರಿಂದ ದಿಲ್ಲೀಲೂ ಎಲ್ಲಾ ರಾಜ್ಯದ ರಾಜಧಾನೀಲೂ ಬಾವುಟ ಇಳೀತು.

ಇಳಿಸೋಕೂ ಒಂದು ಕ್ರಮ ಇದೆ, ನೇರ ಅರ್ಧಕ್ಕೆ ಕಟ್ಟೋ ಹಾಗಿಲ್ಲ, ಮೊದಲು ತುದಿ ತನಕ ಏರಿಸಿ ಆಮೇಲೆ ಅರ್ಧಕ್ಕೆ ತರ್ಬೇಕು, ಸಂಜೆ ಬಿಚ್ಚೋವಾಗ್ಲೂ ಮತ್ತೆ ತುದಿಗೆ ಏರಿಸಿ ಇಳಿಸ್ಬೇಕು. ಶೋಕದ ಮಧ್ಯೆ ಗಣರಾಜ್ಯ ದಿನಾನೋ ಸ್ವಾತಂತ್ರ್ಯ ದಿನಾನೋ ಬಂದ್ರೆ ಆವತ್ತು ಅರ್ಧಕ್ಕಿಲ್ಲ, ದೇಹ ಇಟ್ಟಿರೋ ಕಟ್ಟಡ ಒಂದನ್ನ ಬಿಟ್ಟು. ಅಲ್ಲೂ ದೇಹ ಹೊರಟ ಮೇಲೆ ಪೂರ್ತಿ ಏರಿಸ್ಬೇಕು. ದೇಹಕ್ಕೆ ಹೊದಿಸಿದ ಬಾವುಟದಲ್ಲಿ ಕೇಸರಿ ತಲೆ ಕಡೆ ಇರ್ಬೇಕು, ಅದನ್ನ ಸುಡೋ ಹಾಗಿಲ್ಲ ಹೂಳೋ ಹಾಗಿಲ್ಲ, ಮಡಚಿ ತೆಗೀಬೇಕು. ಇಷ್ಟು ಸಣ್ಣದಕ್ಕೆಲ್ಲ ನಿಯಮ ಬರೆದೋರು ಸಮಾಧಿ ಜಾಗಕ್ಕೆ ಒಂದು ಸಾಲು ಬರೀಲಿಲ್ವಲ್ಲ!

ನಮ್ಮೋರ ಎರಡು ಹೆಸರು ಹೇಳ್ಲೇಬೇಕು. ಬೆಳಗಾವಿ ಎಂಪಿ, ರೈಲ್ವೆ ರಾಜ್ಯ ಮಂತ್ರಿ ಸುರೇಶ್ ಅಂಗಡಿ 2020ರ ಸೆಪ್ಟೆಂಬರ್ 23ಕ್ಕೆ ಏಮ್ಸಲ್ಲಿ ಕೊರೊನಾದಿಂದ ತೀರ್ಕೊಂಡ್ರು. ಮಾಮೂಲಿ ಕಾಲ ಆಗಿದ್ರೆ ದೇಹ ಊರಿಗೆ ಬರೋದು, ಬೆಳಗಾವಿಗೆ ಬೆಳಗಾವೀನೇ ಸೇರೋದು. ಕೊರೊನಾ ರೂಲ್ಸು, ದಿಲ್ಲಿಯ ದ್ವಾರಕಾದಲ್ಲಿರೋ ಲಿಂಗಾಯತ ರುದ್ರಭೂಮೀಲಿ ಬೆರಳೆಣಿಕೆ ಜನರ ಮುಂದೆ ಮಣ್ಣಾಯ್ತು. ದಿಲ್ಲೀಲಿ ಲಿಂಗಾಯತ ರುದ್ರಭೂಮಿ ಇದೆ ಅಂತ ಬಹಳ ಜನಕ್ಕೆ ಗೊತ್ತಾಗಿದ್ದೇ ಆವತ್ತು. ಇನ್ನೊಬ್ರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್, 2019ರ ಜನವರಿ 29. ಒಂದು ಕಾಲದಲ್ಲಿ ಸುಡಿ ಅಂದಿದ್ರಂತೆ, ಕೊನೆಗಾಲದಲ್ಲಿ ಹೂಳಿ ಅಂದಿದ್ರಂತೆ. ಮನೆಯವರು ಎರಡನ್ನೂ ನಡೆಸಿದ್ರು. ಲೋಧಿ ರೋಡ್ ಚಿತಾಗಾರದಲ್ಲಿ ದಹನ, ಆ ಬೂದಿ ಪೃಥ್ವಿರಾಜ್ ರೋಡಿನ ಕ್ರೈಸ್ತ ಸ್ಮಶಾನದಲ್ಲಿ ಮಣ್ಣಿಗೆ. ಬದುಕಿದ್ದಾಗ್ಲೂ ಯಾರ ಚೌಕಟ್ಟಿಗೂ ಸಿಗದೇ ಇದ್ದ ಮನುಷ್ಯ ಅಲ್ವಾ.

ಲೋಧಿ ರೋಡ್ ಅಂದ್ನಲ್ಲ, ಈಗಿನ ದಿಲ್ಲೀಲಿ ದೊಡ್ಡೋರ ಕೊನೇ ದಾರಿ ಹೆಚ್ಚಾಗಿ ಏಮ್ಸಿಂದ ಅಲ್ಲಿಗೆ, ಇಲ್ಲಾ ನಿಗಮ್‌ಬೋಧ್ ಘಾಟಿಗೆ. ಎರಡೂ ಊರಿನ ಮಾಮೂಲಿ ಜನ ಬರೋ ಸ್ಮಶಾನಗಳೇ. ಬಳ್ಳಾರೀಲಿ 1999ರಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದ ಸುಷ್ಮಾ ಸ್ವರಾಜ್ 2019ರ ಆಗಸ್ಟಲ್ಲಿ ಲೋಧಿ ರೋಡಿಗೆ ಹೋದ್ರು, ಅದೇ ತಿಂಗಳು ಅರುಣ್ ಜೇಟ್ಲಿ ನಿಗಮ್‌ಬೋಧಿಗೆ. ಮಾಜಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ 2020ರ ಆಗಸ್ಟ್ 31ಕ್ಕೆ ಮಿಲಿಟರಿ ಆಸ್ಪತ್ರೇಲಿ ಸತ್ತಾಗ, ಅವರಿಗೂ ಲೋಧಿ ರೋಡೇ, ಪಿಪಿಇ ಕಿಟ್ ಹಾಕ್ಕೊಂಡ ಮನೆಯವರು.

ದಡದಲ್ಲಿ ಜಾಗ ಖಾಲಿ ಆಗ್ತಾ ಬಂದಿದ್ದು ಸರ್ಕಾರಕ್ಕೂ ಅರ್ಥ ಆಗಿತ್ತು. ಚರಣ್ ಸಿಂಗ್ ಅವರ ಕಿಸಾನ್ ಘಾಟ್, ಜಗಜೀವನ್ ರಾಮ್ ಅವರ ಸಮತಾ ಸ್ಥಳ, ದೇವಿಲಾಲ್ ಅವರ ಸಂಘರ್ಷ ಸ್ಥಳ, ಹೀಗೆ ಒಬ್ಬೊಬ್ಬರಿಗೂ ಹತ್ತಾರು ಎಕರೆ ಹಂಚ್ತಾ ಹೋದ್ರೆ ಎಲ್ಲಿ ಮುಗಿಯತ್ತೆ. 2013ರಲ್ಲಿ ಕೇಂದ್ರ ಸಂಪುಟ ಇನ್ಮೇಲೆ ಬೇರೆ ಬೇರೆ ಬೇಡ, ಎಲ್ಲರಿಗೂ ಸೇರಿ ಒಂದು ರಾಷ್ಟ್ರೀಯ ಸ್ಮೃತಿ ಸ್ಥಳ ಅಂತ ತೀರ್ಮಾನ ಮಾಡ್ತು. ಅದಕ್ಕಿಂತ ಸ್ವಲ್ಪ ಮುಂಚೆ ಗುರ್‌ಗಾಂವ್ ಆಸ್ಪತ್ರೇಲಿ ತೀರ್ಕೊಂಡ ಐ.ಕೆ. ಗುಜ್ರಾಲ್ ಅವರ ಅಂತ್ಯಕ್ರಿಯೆನೂ ಅಲ್ಲೇ ಆಗಿತ್ತು. 2018ರ ಆಗಸ್ಟ್ 16ಕ್ಕೆ ವಾಜಪೇಯಿ ಏಮ್ಸಲ್ಲಿ ಹೋದಾಗ ಅಂತ್ಯಕ್ರಿಯೆ ಅಲ್ಲೇ. ನಾಲ್ಕು ತಿಂಗಳಲ್ಲಿ, ಡಿಸೆಂಬರ್ 25ರ ಅವರ ಹುಟ್ಟಿದ ದಿನಕ್ಕೆ ಸರಿಯಾಗಿ, 'ಸದೈವ ಅಟಲ್' ರೆಡಿ. ಒಂದೂವರೆ ಎಕರೆ, ಖರ್ಚು 10.51 ಕೋಟಿ, ದುಡ್ಡು ಹಾಕಿದ್ದು ಒಂದು ಟ್ರಸ್ಟು, ಕಟ್ಟಿದ್ದು ಕೇಂದ್ರ ಲೋಕೋಪಯೋಗಿ ಇಲಾಖೆ.

ಸರಿ, ಪ್ರಾಬ್ಲಮ್ ಮುಗೀತು ಅನ್ಕೊಂಡ್ರೆ 2024ರ ಡಿಸೆಂಬರ್ 26 ಬಂತು. ಮನಮೋಹನ್ ಸಿಂಗ್ ಏಮ್ಸಲ್ಲಿ ಕಣ್ಮುಚ್ಚಿದ್ರು. ಸ್ಮಾರಕ ಕಟ್ಟೋಕಾಗೋ ಜಾಗದಲ್ಲೇ ಅಂತ್ಯಕ್ರಿಯೆ ಆಗ್ಲಿ ಅಂತ ಕಾಂಗ್ರೆಸ್ ಕೇಳ್ತು, ಜಾಗ ಕೊಡ್ತೀವಿ ಆದ್ರೆ ಟ್ರಸ್ಟ್ ಆಗ್ಬೇಕು, ಟೈಮ್ ಬೇಕು ಅಂತ ಸರ್ಕಾರ ಹೇಳ್ತು, 28ಕ್ಕೆ ನಿಗಮ್‌ಬೋಧ್ ಘಾಟಲ್ಲಿ ಸಕಲ ಸರ್ಕಾರಿ ಗೌರವದ ಜೊತೆ ಮುಗೀತು. ಅವಮಾನ ಅಂದ್ರು ಕಾಂಗ್ರೆಸ್ಸಿನೋರು, ರಾವ್‌ಗೆ ನೀವು ಮಾಡಿದ್ದೇನು ಅಂದ್ರು ಬಿಜೆಪಿಯೋರು. ನಿಯಮ ಅಂತ ತೋರಿಸೋಕೆ ಇಬ್ಬರ ಕೈಯಲ್ಲೂ ಏನೂ ಇರ್ಲಿಲ್ಲ, ಅದಕ್ಕೇ ಹಳೇ ಲೆಕ್ಕ ತೆಗೆದ್ರು. ಮುಂದಿನ ತಿಂಗಳೇ ಇನ್ನೊಂದು ಸುದ್ದಿ ಬಂತು, ಸ್ಮೃತಿ ಆವರಣದಲ್ಲಿ ಪ್ರಣಬ್ ಮುಖರ್ಜಿ ಸ್ಮಾರಕಕ್ಕೆ ಜಾಗ ಮಂಜೂರು ಅಂತ, ಅವರು ಹೋಗಿ ನಾಲ್ಕು ವರ್ಷದ ಮೇಲೆ.

ಮುಂಚೆನೇ ಜಾಗ ಹಿಡಿದಿಟ್ಟರೆ ಈ ಜಗಳ ಇರಲ್ಲ ಅಂತ ಯಾರಿಗಾದ್ರೂ ಅನ್ಸಿದ್ರೆ ಮೆಹ್ರೌಲಿಗೆ ಹೋಗಿ ಬನ್ನಿ, ಕುತುಬ್ ಮಿನಾರ್ ನೋಡೋಕೆ ಹೆಂಗಿದ್ರೂ ಹೋಗ್ತೀರಿ. ಬಖ್ತಿಯಾರ್ ಕಾಕಿ ದರ್ಗಾ ಪಕ್ಕದಲ್ಲಿ ಜಫರ್ ಮಹಲ್ ಅಂತ ಪಾಳುಬಿದ್ದ ಅರಮನೆ. ಕೊನೇ ಮೊಘಲ್ ಬಾದಶಹ ಬಹಾದ್ದೂರ್ ಶಾ ಜಫರ್ ಅಲ್ಲಿ ತನ್ನ ಹಿರೀಕರ ಗೋರಿಗಳ ಸಾಲಲ್ಲಿ ತನಗೆ ಅಂತ ಒಂದು ಜಾಗ ಬಿಡಿಸಿಟ್ಟಿದ್ದ. 1857 ಆಯ್ತು, ಇಂಗ್ಲಿಷರು ಅವನನ್ನ ರಂಗೂನಿಗೆ ಗಡೀಪಾರು ಮಾಡಿದ್ರು, 1862ರ ನವೆಂಬರ್ 7ಕ್ಕೆ ಅಲ್ಲೇ ಸತ್ತ. ಜನ ಬಂದು ಸೇರಬಾರ್ದು ಅಂತ ಗುರುತು ಸಿಗದ ಹಾಗೆ ಹೂತು ನೆಲ ಸಮ ಮಾಡಿದ್ರು. 1991ರಲ್ಲಿ ಅಲ್ಲಿ ಯಾವುದೋ ಕೆಲಸಕ್ಕೆ ನೆಲ ಅಗೀತಾ ಇದ್ದಾಗ ಇಟ್ಟಿಗೆ ಕಟ್ಟಿದ ಆ ಗೋರಿ ಸಿಕ್ತು. ಮೆಹ್ರೌಲಿಯ ಜಾಗ ಈಗ್ಲೂ ಖಾಲಿ ಇದೆ.